ಮಗಳಿಗೆ ಕನ್ನಡ ಓದಿಸುವುದು ಹದಿನೈದೇ ದಿನಕ್ಕೆ ನಿಂತುಹೋಗುತ್ತದೆ, ಏನು ಮಾಡಲಿ?

ಕೋಥ್ರೂಡ್ ಅಮ್ಮ:
ನಮಸ್ಕಾರ. ನಮ್ಮ ಊರು ಹುಬ್ಬಳ್ಳಿ, ಪುಣೆಗೆ ಬಂದು ಹನ್ನೊಂದು ವರ್ಷ. ಮಗಳಿಗೆ ಎಂಟು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುತ್ತಾಳೆ. ಕನ್ನಡ ಓದಲು ಮಾತ್ರ ಬರುವುದಿಲ್ಲ.

ನವೆಂಬರ್ ಬಂತೆಂದರೆ ನನಗೆ ಹುಮ್ಮಸ್ಸು. ಕಳೆದ ಸಲ ಊರಿಂದ ಮೂರು ಕಾಪಿ ಪುಸ್ತಕ, ಗೋಡೆಗೆ ಹಾಕುವ ಅಕ್ಷರಮಾಲೆ ಎಲ್ಲ ತಂದೆ. ರಾತ್ರಿ ಎಂಟರಿಂದ ಒಂಬತ್ತು ಕನ್ನಡ ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಹದಿನೈದು ದಿನ ನಡೆಯಿತು. ಆಮೇಲೆ ನನಗೆ ಆಫೀಸಿನ ಕೆಲಸ ಜಾಸ್ತಿ ಆಯಿತು, ಅವಳಿಗೆ ಜ್ವರ ಬಂತು. ನಾಲ್ಕು ದಿನ ತಪ್ಪಿತು, ಅಲ್ಲಿಗೆ ಮುಗಿಯಿತು. ಕಾಪಿಯಲ್ಲಿ ‘ಠ’ ತನಕ ಬರೆದಿದ್ದಾಳೆ. ಮುಂದಿನ ಪುಟಗಳೆಲ್ಲ ಖಾಲಿ.

ಮೊನ್ನೆ ನಮ್ಮ ಅಮ್ಮ ಶೇಂಗಾ ಹೋಳಿಗೆ ಕಳಿಸಿದ್ದರು. ಡಬ್ಬಿಯೊಳಗೆ ಒಂದು ಚೀಟಿ. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಮ್ಮಾ, ಅಜ್ಜಿ ಏನ್ ಬರದಾಳ?” ಅಂತ ನನ್ನ ಕೈಗೆ ಕೊಟ್ಟಳು. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಈಗ ಮತ್ತೆ ಹುಮ್ಮಸ್ಸು ಬಂದಿದೆ. ಮತ್ತೆ ಇಳಿದುಹೋದರೆ ಅನ್ನುವ ಭಯವೂ ಇದೆ. ಈ ಸಲ ನಿಲ್ಲದ ಹಾಗೆ ಹೇಗೆ ಮಾಡುವುದು?

ಪಿಂಪ್ರಿ ಕನ್ನಡಿಗ:
21 ದಿನ ಒಂದೂ ತಪ್ಪಿಸದೆ ಮಾಡಿ ಅಕ್ಕಾ. ಆಮೇಲೆ ತಾನಾಗೇ ರೂಢಿ ಆಗುತ್ತದೆ.

ಡೊಂಬಿವ್ಲಿ ಲೋಕಲ್:
ಈ 21 ದಿನದ ಮಾತನ್ನು ನಾನೂ ನಂಬಿದ್ದೆ. 22ನೇ ದಿನವೂ ಮೊದಲಿನಷ್ಟೇ ಕಷ್ಟ ಆದಾಗ ನಮ್ಮಲ್ಲೇ ಏನೋ ಕೊರತೆ ಅಂದುಕೊಂಡೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಆಮೇಲೆ ಸಿಕ್ಕಿತು. ದಿನಾ ಹೇಗೂ ನಡೆಯುವ ಒಂದು ಕೆಲಸದ ಬೆನ್ನಿಗೇ ಹೊಸದನ್ನು ಮಾಡಲು ಅವರಿಗೆ ಹೇಳಿದ್ದರು. ರೂಢಿಯಾಗಲು ಬೇಕಾದ ದಿನಗಳ ಅಂದಾಜು ಲೆಕ್ಕ ಒಬ್ಬರಿಗೆ 18 ಬಂದರೆ ಇನ್ನೊಬ್ಬರಿಗೆ 254. ನಡುವಿನ ಅಂಕಿ 66. ನನಗೆ ಸಮಾಧಾನ ಕೊಟ್ಟಿದ್ದು ಬೇರೆ ವಿಷಯ: ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ.

ಮಗನಿಗೆ ನಾವು 2019ರಲ್ಲಿ ಶುರು ಮಾಡಿದ್ದು ಒಂದೇ ಸಾಲಿನಿಂದ. ರಾತ್ರಿ ಹಾಲು ಕುಡಿದು ಲೋಟ ಸಿಂಕಿಗೆ ಹಾಕಿದ ಕೂಡಲೇ ಒಂದು ಸಾಲು ಓದಬೇಕು. ಪುಸ್ತಕ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು, ಹುಡುಕುವ ಕೆಲಸವೇ ಇಲ್ಲ. ನಾನಿನ್ನೂ ರೈಲಿನಲ್ಲಿದ್ದರೆ ಫೋನಿನಲ್ಲಿ ಓದುತ್ತಿದ್ದ. ಆಗ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿತ್ತು. ಅಲ್ಲಿ ಫೋನ್ ಕಟ್. ಈಚೆ ಬಂದ ಮೇಲೆ ಬಿಟ್ಟ ಪದದಿಂದ ಮತ್ತೆ ಓದುತ್ತಿದ್ದ. ಈಗ ಅವನಿಗೆ ಹನ್ನೆರಡು. ಹಾಲು ಬಿಟ್ಟಿದ್ದಾನೆ, ಓದು ಬಿಟ್ಟಿಲ್ಲ.

ಇನ್ನೊಂದು ಮಾತು. ಮರಾಠಿ ಓದುವ ಮಗುವಿಗೆ ಮತ್ತೆ ಅ ಆ ಇ ಈ ಇಂದ ತಿದ್ದಿಸಬೇಡಿ. ಕ ಖ ಗ ಘ ಸಾಲು ಅವಳಿಗೆ ಗೊತ್ತೇ ಇದೆ. ಮರಾಠಿಯಲ್ಲಿ ಳ ಕೂಡ ಇದೆ. ತೊಡಕು ಬರುವುದು ಎ-ಏ, ಒ-ಓ ಹತ್ತಿರ. ನಮ್ಮಲ್ಲಿ ಗಿಡ್ಡ, ಉದ್ದ ಎರಡಕ್ಕೂ ಬೇರೆ ಬೇರೆ ಅಕ್ಷರ, ಮರಾಠಿಯಲ್ಲಿ ಒಂದೊಂದೇ. ಆಮೇಲೆ ಒತ್ತಕ್ಷರ. ‘ಕರ್ನಾಟಕ’ದಲ್ಲಿ ‘ರ್’ ಮೊದಲು ಹೇಳುತ್ತೇವೆ, ಬರೆಯುವುದು ‘ನಾ’ ಆದ ಮೇಲೆ. ಮರಾಠಿಯಲ್ಲಿ ಅದು ‘ನಾ’ ತಲೆಯ ಮೇಲೆ ಕೂರುತ್ತದೆ. ನಮ್ಮ ಹುಡುಗ ಬಹಳ ದಿನ ‘ಕನಾರ್ಟಕ’ ಅಂತಲೇ ಓದಿದ. ಅವಸರ ಮಾಡಬೇಡಿ.

ಮಡಗಾಂವ್ ಟೀಚರ್:
ತಂಗಿ, ರಾತ್ರಿ ಎಂಟು ಗಂಟೆಗೆ ದಣಿದಿರುತ್ತೀರಿ, ಅಲ್ವಾ? ಆ ಹೊತ್ತೇ ಸರಿಯಿಲ್ಲ. ಜ್ವರ ಬಂದ ದಿನ ಏನು ಅಂತ ಈಗಲೇ ತೀರ್ಮಾನಿಸಿಡಿ. ಅವತ್ತು ನೀವು ಓದಿ, ಅವಳು ಮಲಗಿಕೊಂಡೇ ಕೇಳಲಿ.

ಕೋಥ್ರೂಡ್ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಯೋಚಿಸಿದೆ. ಎಷ್ಟೇ ಗಡಿಬಿಡಿ ಇರಲಿ, ಶಾಲೆಯ ದಿನ ತಪ್ಪದೆ ನಡೆಯುವ ಕೆಲಸ ನಮ್ಮ ಮನೆಯಲ್ಲಿ ಒಂದಿದೆ. ಬೆಳಿಗ್ಗೆ ಅವಳಿಗೆ ಎರಡು ಜಡೆ ಹಾಕುತ್ತೇನೆ. ಐದಾರು ನಿಮಿಷ ಕನ್ನಡಿ ಮುಂದೆ ಕೂತಿರಲೇಬೇಕು. ಫ್ರಿಜ್ ಮೇಲಿನ ಕಾಗದ ಕಿತ್ತುಹಾಕಿ, ಅಮ್ಮನ ಚೀಟಿಯನ್ನು ಕನ್ನಡಿಗೆ ಅಂಟಿಸಿದೆ. ಗೊತ್ತಿಲ್ಲದ ಅಕ್ಷರಗಳ ಕೆಳಗೆ ಪೆನ್ಸಿಲಿನಲ್ಲಿ ಮರಾಠಿ ಅಕ್ಷರ ಬರೆದೆ. ಇಂಥ ಚೀಟಿ ಇನ್ನಷ್ಟು ಬರೆದು ಕಳಿಸಲು ಅಮ್ಮನಿಗೂ ಹೇಳಿದ್ದೇನೆ.

ಇವತ್ತು ಮೊದಲ ದಿನ. ಎರಡನೇ ಜಡೆಗೆ ರಿಬ್ಬನ್ ಕಟ್ಟುವಷ್ಟರಲ್ಲಿ ‘ಶೇಂಗಾ’ ಓದಿದಳು. ‘ಹೋಳಿಗೆ’ ನಾಳೆಗೆ.