ಒಬ್ಬನೇ ಡಿಫೆನ್ಸಿವ್ ಮಿಡ್‌ಫೀಲ್ಡರ್ ಇದ್ದಾಗ ಎಷ್ಟು ಪ್ರೆಸ್ ಮಾಡಿಸಬೇಕು?

ಪ್ರಶ್ನೆ: ಕೋಚ್ ಸರ್, ಫುಟ್‌ಬಾಲ್ ಮ್ಯಾನೇಜರ್ 2024 ಕಂಪ್ಯೂಟರ್ ಗೇಮ್‌ನಲ್ಲಿ 4-3-3 (ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್) ಆಡಿಸುತ್ತಿದ್ದೇನೆ. ಹಿಂದೆ ಇರುವ ಒಬ್ಬನೇ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಬಾಲ್ ವಿನ್ನಿಂಗ್ ಮಿಡ್‌ಫೀಲ್ಡರ್ ರೋಲ್ ಕೊಟ್ಟಿದ್ದೇನೆ. ಟೀಮ್ ಪ್ರೆಸ್ಸಿಂಗ್, ಅಂದರೆ ಚೆಂಡು ಇರುವ ಎದುರಾಳಿಯ ಮೇಲೆ ಮುಗಿಬೀಳುವುದನ್ನು ಕೂಡ ಪೂರ್ತಿ ಏರಿಸಿದ್ದೇನೆ. ಟ್ಯಾಕಲ್ ಚೆನ್ನಾಗಿಯೇ ಮಾಡುತ್ತಾನೆ. ಆದರೂ ಎದುರಾಳಿಯ ನಂಬರ್ 10 (ಸ್ಟ್ರೈಕರ್ ಹಿಂದೆ ಆಡುವ ಅಟ್ಯಾಕರ್) ನಮ್ಮ ಸೆಂಟರ್ ಬ್ಯಾಕ್‌ಗಳ ಮುಂದೆ ಆರಾಮಾಗಿ ನಿಂತು ಪಾಸ್ ಕೊಡುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಆ ರೋಲ್ ತೆಗೆಯಿರಿ. ಬಾಲ್ ವಿನ್ನಿಂಗ್ ಮಿಡ್‌ಫೀಲ್ಡರ್ ಅಂದರೆ ಚೆಂಡು ಕಂಡಲ್ಲಿಗೆ ಓಡುವವನು. ಜಾಸ್ತಿ ಪ್ರೆಸ್ ಮಾಡುವುದು, ಗಟ್ಟಿಯಾಗಿ ಟ್ಯಾಕಲ್ ಮಾಡುವುದು ಆ ರೋಲ್‌ನಲ್ಲೇ ಸೇರಿಕೊಂಡಿದೆ. ಅದರ ಮೇಲೆ ನೀವು ಟೀಮ್ ಪ್ರೆಸ್ಸಿಂಗನ್ನೂ ಏರಿಸಿದ್ದೀರಿ. ಹೀಗಾಗಿ ಅವನು ರೈಟ್ ಬ್ಯಾಕ್ ಹತ್ತಿರ ಹೋಗಿ ಟ್ಯಾಕಲ್ ಮಾಡುವ ಹೊತ್ತಿಗೆ ನಡುವಿನ ಜಾಗ ಖಾಲಿ. ನಂಬರ್ 10 ಕಾಯುವುದೇ ಅದಕ್ಕೆ. ಟ್ಯಾಕಲ್ ಲೆಕ್ಕ ನೋಡಿ ಖುಷಿಪಡಬೇಡಿ, ಮ್ಯಾಚ್ ಮುಗಿದ ಮೇಲೆ ಅವನ ಆವರೇಜ್ ಪೊಸಿಷನ್ ನೋಡಿ.

ಫ್ರಾನ್ಸಿನ ಮಿಡ್‌ಫೀಲ್ಡರ್ ಕಾಂಟೆಯನ್ನೇ ತೆಗೆದುಕೊಳ್ಳಿ. ಎಲ್ಲರೂ ಅವನ ಓಟ ನೆನಪಿಟ್ಟುಕೊಳ್ಳುತ್ತಾರೆ, ಪಕ್ಕದಲ್ಲಿದ್ದವನನ್ನು ಮರೆಯುತ್ತಾರೆ. 2015-16ರಲ್ಲಿ ಅವನ ಲೆಸ್ಟರ್ ಟೀಮ್ ಪ್ರೀಮಿಯರ್ ಲೀಗ್ ಗೆದ್ದಾಗ ಜೊತೆಗೆ ಡ್ರಿಂಕ್‌ವಾಟರ್ ಇದ್ದ. ಮುಂದಿನ ಸೀಸನ್ ಅವನು ಚೆಲ್ಸಿಗೆ ಹೋಗಿ ಗೆದ್ದಾಗ ಹೆಚ್ಚಾಗಿ ಮ್ಯಾಟಿಚ್. 2018-19ರಲ್ಲಿ ಚೆಲ್ಸಿಗೆ ಕೋಚ್ ಆಗಿ ಮೌರಿಜಿಯೊ ಸಾರಿ ಬಂದು 4-3-3 ಆಡಿಸಿದಾಗ ಹಿಂದೆ ನಿಂತದ್ದು ಜಾರ್ಜಿನ್ಯೊ. ಕಾಂಟೆಯನ್ನು ಬಲಗಡೆ ಮುಂದಕ್ಕೆ ಕಳಿಸಿದರು. ಆಗ ಅದಕ್ಕೆ ಸಾಕಷ್ಟು ಗಲಾಟೆ ಆಯಿತು, ಅದು ಬೇರೆ ಮಾತು.

ನಿಮ್ಮ ಟೀಮ್‌ನಲ್ಲೂ ಹಾಗೇ ಮಾಡಿ. ಬಾಲ್ ವಿನ್ನಿಂಗ್ ರೋಲನ್ನು ಮುಂದಿನ ಇಬ್ಬರಲ್ಲಿ ಒಬ್ಬನಿಗೆ, ಸಪೋರ್ಟ್ ಡ್ಯೂಟಿಯಲ್ಲಿ (ಮುಂದಿನವರಿಗೂ ನೆರವಾಗುವ ಸೆಟ್ಟಿಂಗ್) ಕೊಡಿ. ಹಿಂದಿನವನಿಗೆ ಆಂಕರ್, ಅಂದರೆ ಸೆಂಟರ್ ಬ್ಯಾಕ್‌ಗಳ ಮುಂದೆ ಜಾಗ ಬಿಡದೆ ನಿಲ್ಲುವ ರೋಲ್. ಅವನು ಪ್ರೆಸ್ ಮಾಡಲೇಬಾರದು ಅಂತಲ್ಲ. ಎದುರಾಳಿ ನಮ್ಮ ಗೋಲಿಗೆ ಬೆನ್ನು ಹಾಕಿ ಚೆಂಡು ತೆಗೆದುಕೊಂಡಾಗ, ಅಥವಾ ಮೊದಲ ಟಚ್ ಕೆಟ್ಟಾಗ, ಮೇಲೆ ಬೀಳಬೇಕು. ಎದುರಾಳಿ ತಿರುಗಿ ನಮ್ಮ ಗೋಲಿಗೆ ಮುಖ ಮಾಡಿಬಿಟ್ಟರೆ ಮೇಲೆ ಹಾರಬಾರದು. ದಾರಿ ಮುಚ್ಚಿಕೊಂಡು ಹಿಂದೆ ಸರಿಯಬೇಕು, ಅಷ್ಟರಲ್ಲಿ ಉಳಿದವರು ವಾಪಸ್ ಬರುತ್ತಾರೆ. ಗ್ರೌಂಡ್‌ನಲ್ಲಿ ನಮ್ಮ ಹುಡುಗರಿಗೂ ಇದನ್ನೇ ಹೇಳಿಕೊಡುವುದು. ಗೇಮ್‌ನಲ್ಲಿ ಇದಕ್ಕೆ ಬೇರೆ ಬಟನ್ ಇಲ್ಲ, ಆಟಗಾರನ ಆಂಟಿಸಿಪೇಷನ್, ಡಿಸಿಷನ್ಸ್, ಪೊಸಿಷನಿಂಗ್ ಅಂಕಗಳನ್ನು ನೋಡಬೇಕು. ಟ್ಯಾಕ್ಲಿಂಗ್ ಆಮೇಲೆ.

ಪ್ರಶ್ನೆ: ಆಂಕರ್ ಹಾಕಿದರೆ ನಮ್ಮ ಹೈ ಪ್ರೆಸ್ ಸತ್ತು ಹೋಗಲ್ವಾ ಸರ್?

ಉತ್ತರ: ಇಲ್ಲ. ಪ್ರೆಸ್ ಶುರು ಮಾಡುವವರು ಸ್ಟ್ರೈಕರ್ ಮತ್ತು ವಿಂಗರ್‌ಗಳು. ಆದರೆ ಒಂದು ವಿಷಯ: ಲೈನ್ ಆಫ್ ಎಂಗೇಜ್‌ಮೆಂಟ್ (ಪ್ರೆಸ್ ಶುರುವಾಗುವ ಗೆರೆ) ಮೇಲಿಟ್ಟು ಡಿಫೆನ್ಸಿವ್ ಲೈನ್ (ಡಿಫೆಂಡರ್‌ಗಳು ನಿಲ್ಲುವ ಗೆರೆ) ಕೆಳಗೆ ಬಿಟ್ಟರೆ, ನಡುವೆ ಬಯಲೇ ತೆರೆದುಕೊಳ್ಳುತ್ತದೆ. ಅದನ್ನು ಯಾವ ಮಿಡ್‌ಫೀಲ್ಡರ್ ಕೂಡ ಒಬ್ಬನೇ ತುಂಬಲಾರ. ಎರಡನ್ನೂ ಒಟ್ಟಿಗೆ ಏರಿಸಿ. ಸೆಂಟರ್ ಬ್ಯಾಕ್‌ಗಳು ನಿಧಾನ ಇದ್ದರೆ ಎರಡನ್ನೂ ಒಟ್ಟಿಗೆ ಇಳಿಸಿ.

ಇನ್ನೊಬ್ಬರು: ಹಾಫ್ ಬ್ಯಾಕ್ ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ಚೆಂಡು ನಮ್ಮ ಬಳಿ ಇದ್ದಾಗ ಅವನು ಸೆಂಟರ್ ಬ್ಯಾಕ್‌ಗಳ ನಡುವೆ ಇಳಿಯುತ್ತಾನೆ. ಅಲ್ಲಿ ಚೆಂಡು ಕಳೆದರೆ ಮಿಡ್‌ಫೀಲ್ಡ್‌ನಲ್ಲಿ ಒಬ್ಬ ಕಡಿಮೆ. ಎದುರಾಳಿ ಇಬ್ಬರು ಸ್ಟ್ರೈಕರ್ ಇಟ್ಟಾಗ ಮಾತ್ರ ನಾನು ಹಾಕುತ್ತೇನೆ.