ಸ್ಲ್ಯಾಷರ್ ಸಿನಿಮಾಗೆ ಕನ್ನಡದಲ್ಲಿ ಏನನ್ನೋಣ? ‘ಬಂದ’, ‘ಬಂದಳು’ ಅನ್ನೋ ತೊಡಕು

ಎಲ್ಲರಿಗೂ ನಮಸ್ಕಾರ,

1978ರ ಬೇಸಿಗೆ ಕ್ಯಾಂಪನ್ನು ನೆನೆದು 2021ರಲ್ಲಿ ಬಂದ ಭಯದ ಸಿನಿಮಾ ‘ಫಿಯರ್ ಸ್ಟ್ರೀಟ್’ ಎರಡನೇ ಭಾಗ ನೋಡಿದ ಮೇಲೆ, ಅದರ ಹಿರಿಯಕ್ಕನಂತಿರುವ, ಬೇಸಿಗೆ ಕ್ಯಾಂಪಿನಲ್ಲೇ ನಡೆಯೋ 1980ರ ‘ಫ್ರೈಡೇ ದ ಥರ್ಟೀನ್ತ್’ ಬಗ್ಗೆ ಬರೆಯೋಕೆ ಕೂತೆ. ಒಬ್ಬರೇ ಕೊಲೆಗಾರರು ಚಾಕು, ಕೊಡಲಿ ಥರದ್ದು ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗೋ ಇಂಥ ಸಿನಿಮಾಗೆ ಇಂಗ್ಲಿಷಿನಲ್ಲಿ ಸ್ಲ್ಯಾಷರ್ ಅಂತಾರೆ; ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ‘ಕೊಚ್ಚು’ ಹೊಳೆಯಿತು. ಪೇಪರಿನಲ್ಲಿ ‘ಮಚ್ಚಿನಿಂದ ಕೊಚ್ಚಿ ಕೊಲೆ’ ಅಂತ ಓದುತ್ತಲೇ ಇರುತ್ತೇವಲ್ಲ. ಆದರೆ ಕೊಚ್ಚೋದು ಅಂದರೆ ಮೇಲಿಂದ ಮೇಲೆ ಏಟು ಹಾಕಿ ತುಂಡು ಮಾಡೋದು. ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಕ್ಯಾಂಪಿನ ಅಡುಗೆ ಕೆಲಸಕ್ಕೆ ಅಂತ ಹೊರಟ ಆನಿಯದು ಕತ್ತು ಕೊಯ್ದ ಸಾವು. ಮಂಚದ ಮೇಲೆ ಮಲಗಿದ ಜ್ಯಾಕ್‌ಗೆ ಕೆಳಗಿನಿಂದ ಬಾಣ ತಿವಿದದ್ದು. ಮಾರ್ಸಿಯ ಮುಖಕ್ಕೆ ಬಿದ್ದದ್ದು ಕೊಡಲಿ ಏಟು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ಹೆಸರು. ನಮ್ಮಲ್ಲಿ ಅಲಗು ಹೇಗೆ ಆಡಿತು ಅನ್ನೋದರ ಮೇಲೆ ಪದವೇ ಬೇರೆ. ಸೌದೆ ಸೀಳುತ್ತೇವೆ, ಪೈರು ಕೊಯ್ಯುತ್ತೇವೆ, ಮಾಂಸ ಕೊಚ್ಚುತ್ತೇವೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ‘ಕೊಯ್ಯು’ ಹತ್ತಿರ ಬರುತ್ತದೆ, ಆದರೆ ಜೊತೆಗೆ ಸುಗ್ಗಿಯೂ ಬರುತ್ತದೆ. ‘ಮಚ್ಚಿನ ಸಿನಿಮಾ’ ಅಂದರೆ ನಮ್ಮವರಿಗೆ ಕಾಣೋದು ಬೆಂಗಳೂರಿನ ರೌಡಿಗಳ ಕಥೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. (ಸಿನಿಮಾ ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಕೊನೆಯವರೆಗೂ ಕೊಲ್ಲೋರ ಮುಖ ಕಾಣಲ್ಲ. ಕಡೆಗೆ ಎದುರು ಬಂದು ನಿಲ್ಲೋದು ಪಮೇಲಾ ವೂರ್ಹೀಸ್, ಒಬ್ಬ ತಾಯಿ. 1957ರಲ್ಲಿ ಇದೇ ಕ್ಯಾಂಪಿನ ನೀರಿನಲ್ಲಿ ಮಗ ಜೇಸನ್ ಮುಳುಗಿದ, ನೋಡಿಕೊಳ್ಳಬೇಕಾದವರು ನೋಡಲಿಲ್ಲ ಅನ್ನೋ ಸಂಕಟ ಆಕೆಯದು. ಎಲ್ಲರಿಗೂ ನೆನಪಿರೋ ಹಾಕಿ ಮುಖವಾಡದ ಜೇಸನ್ ಬರೋದು 1982ರ ಮೂರನೇ ಭಾಗದಲ್ಲಿ. ಇಂಗ್ಲಿಷಿನಲ್ಲಿ ಕೊಲ್ಲೋರಿಗೂ ಸ್ಲ್ಯಾಷರ್ ಅಂತಾರೆ, ಹಾಗಂದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ. ನಾನು ‘ಕೊಲೆಗಾರ ಬಂದ’ ಅಂತ ಬರೆದರೆ ಸುಳ್ಳು. ‘ಬಂದಳು’ ಅಂದರೆ ಗುಟ್ಟು ರಟ್ಟು. ‘ಬಂದರು’ ಅಂದರೆ ಯಾರೋ ನೆಂಟರು ಮನೆಗೆ ಬಂದ ಹಾಗಿದೆ, ಭಯವೇ ಹೋಗುತ್ತದೆ.

ನಿನ್ನೆ ರಾತ್ರಿ ‘ಬಾಗಿಲ ಹತ್ತಿರ ಬಂತು. ನಿಂತಿತು.’ ಅಂತ ಬರೆದು ನೋಡಿದೆ. ನನಗೇ ಮೈ ಜುಮ್ಮೆಂದಿತು. ನಾವು ದೆವ್ವಕ್ಕೆ ‘ಬಂತು’ ಅಂತೀವಿ, ಮಗುವಿಗೂ ‘ಬಂತು’ ಅಂತೀವಿ, ಅಲ್ವಾ? ಗುಟ್ಟೂ ಉಳಿಯಿತು, ಭಯವೂ ಉಳಿಯಿತು.

ಕ್ಯಾಂಪ್‌ಗೆ ಶಿಬಿರ ಅಂತಲೇ ಇಟ್ಟಿದ್ದೇನೆ. ನಮ್ಮ ಬೇಸಿಗೆ ಶಿಬಿರ ಅಂದರೆ ಹೆಚ್ಚಾಗಿ ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಸಂಜೆ ಮನೆಗೆ ಬರೋದು. ಅಲ್ಲಿನ ಮಕ್ಕಳು ಮರದ ಮನೆಗಳಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಆದರೂ ಮಹಾಭಾರತದ ಸೌಪ್ತಿಕ ಪರ್ವ ನೆನಪಿಸಿಕೊಳ್ಳಿ. ರಾತ್ರಿ ಅಶ್ವತ್ಥಾಮ ನುಗ್ಗಿ, ಮಲಗಿದ್ದ ಮಕ್ಕಳನ್ನು ಕೊಂದದ್ದು ಪಾಂಡವರ ಶಿಬಿರದಲ್ಲೇ. ಅಲ್ಲೂ ಇದ್ದದ್ದು ಸತ್ತವರ ಸೇಡು. ಈ ಪದಕ್ಕೆ ಆ ರಾತ್ರಿ ಹೊಸದಲ್ಲ.

ಈ ಬಗೆಯ ಸಿನಿಮಾಗೆ ಸದ್ಯಕ್ಕೆ ‘ಅಲಗಿನ ಸಿನಿಮಾ’ ಅಂತ ಬರೆದಿದ್ದೇನೆ. ಚಾಕು, ಕೊಡಲಿ, ಮಚ್ಚು ಎಲ್ಲಕ್ಕೂ ಅಲಗು ಇದೆಯಲ್ಲ. ಆದರೆ ಅಲಗು ಅನ್ನೋ ಮಾತು ಈಗಿನ ಹುಡುಗರಿಗೆ ತಟ್ಟನೆ ಹೊಳೆಯುತ್ತಾ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ಬರೆಯಿರಿ. ಇಡೀ ಬರಹದಲ್ಲಿ ಕೊಲ್ಲೋರನ್ನು ‘ಬಂತು’, ‘ಹೋಯಿತು’ ಅಂತಲೇ ಬರೆದರೆ ಓದೋಕೆ ಹೇಗಿರುತ್ತೆ ಅಂತಲೂ ಹೇಳಿ.