ಅಪ್ಲಾಸ್ಟಿಕ್ ಅನೀಮಿಯಾ: ಎಟಿಜಿ ಆಗಿ ಮೂರನೇ ತಿಂಗಳು, ಅಮ್ಮನ ಕೌಂಟ್ ಇನ್ನೂ ಏರಿಲ್ಲ

ಕಿರಿಮಗಳು:
ಅಮ್ಮನಿಗೆ 67 ವರ್ಷ. ತೀವ್ರ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮೂಳೆಯ ಮಜ್ಜೆ ಸಾಕಷ್ಟು ರಕ್ತಕಣ ಮಾಡದ ಕಾಯಿಲೆ. ವಯಸ್ಸು ನೋಡಿ ಮಜ್ಜೆ ಕಸಿ ಬೇಡವೆಂದು ಕುದುರೆ ಎಟಿಜಿ (ಕುದುರೆಯ ರಕ್ತದಿಂದ ತಯಾರಿಸಿದ, ರೋಗನಿರೋಧಕ ದಾಳಿ ತಗ್ಗಿಸುವ ಔಷಧಿ) ಕೊಟ್ಟರು. ಈಗ ಅದೇ ದಾಳಿ ತಡೆಯುವ ಸೈಕ್ಲೋಸ್ಪೋರಿನ್ ಮತ್ತು ಮಜ್ಜೆಯನ್ನು ಪ್ರಚೋದಿಸುವ ಎಲ್ಟ್ರೊಂಬೊಪಾಗ್ ಮಾತ್ರೆ ನಡೆಯುತ್ತಿದೆ. ಪ್ಲೇಟ್‌ಲೆಟ್ 14,000, ಹಿಮೋಗ್ಲೋಬಿನ್ 7.4, ಡಬ್ಲ್ಯುಬಿಸಿ (ಬಿಳಿ ರಕ್ತಕಣ) 1,800. ರಕ್ತ ಹಾಕಿಸುವುದು ನಿಂತಿಲ್ಲ. ನೋಡಲು ಬಂದವರೆಲ್ಲ "ಇನ್ನೂ ಗುಣ ಆಗ್ಲಿಲ್ವಾ" ಅಂತಾರೆ, ಅಮ್ಮ ಮಂಕಾಗ್ತಾರೆ. ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಯಾವುದರಿಂದ ತಿಳಿಯುವುದು? ಮನೆಯಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ಎಲ್ಲಿ?

ಲ್ಯಾಬ್‌ಕೋಟ್:
ಮೂರನೇ ತಿಂಗಳಲ್ಲಿ ಇದು ಅಪರೂಪದ ಚಿತ್ರವೇನಲ್ಲ. ಎಟಿಜಿ ಮಾಡುವುದು ಮಜ್ಜೆಯ ಮೇಲೆ ದಾಳಿ ಮಾಡುತ್ತಿರುವ ಟಿ ಜೀವಕೋಶಗಳನ್ನು ಇಳಿಸುವ ಕೆಲಸ ಮಾತ್ರ. ಆಮೇಲೆ ಉಳಿದಿರುವ ಬೆರಳೆಣಿಕೆಯ ಕಾಂಡಕೋಶಗಳೇ (ರಕ್ತಕಣ ಹುಟ್ಟಿಸುವ ಮೂಲಕೋಶಗಳು) ಇಡೀ ಮಜ್ಜೆಯನ್ನು ಮತ್ತೆ ತುಂಬಬೇಕು. ಅದಕ್ಕೇ ಔಷಧಿ ಹಿಡಿದಿದೆಯೇ ಎಂದು ವೈದ್ಯರು 3ನೇ ತಿಂಗಳಲ್ಲಿ ಒಮ್ಮೆ, 6ನೇ ತಿಂಗಳಲ್ಲಿ ಒಮ್ಮೆ ಲೆಕ್ಕ ನೋಡುತ್ತಾರೆ. ಹಿರಿಯರಲ್ಲಿ ಇನ್ನೂ ನಿಧಾನ.

ಒಂದು ದಿನದ ಹಿಮೋಗ್ಲೋಬಿನ್ ನೋಡಿ ಏನೂ ತಿಳಿಯುವುದಿಲ್ಲ, ಏಕೆಂದರೆ ಅದರಲ್ಲಿ ದಾನಿಯ ರಕ್ತವೂ ಸೇರಿದೆ. ಒಂದು ಯೂನಿಟ್ ಕೆಂಪು ರಕ್ತ ಸುಮಾರು 1 ಗ್ರಾಂ ಏರಿಸುತ್ತದೆ. ಹಾಕಿದ ಪ್ಲೇಟ್‌ಲೆಟ್ ಕೆಲವೇ ದಿನ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೂರೂ ಕೌಂಟ್, ಆ ದಿನ ಏನು ಹಾಕಿಸಿದರು ಎಂದು ಸಾಲಾಗಿ ಬರೆಯಿರಿ. ನೋಡಬೇಕಾದದ್ದು ಎರಡು ಸಲ ರಕ್ತ ಹಾಕಿಸುವುದರ ನಡುವಿನ ಅಂತರ. ವಾರಕ್ಕೊಮ್ಮೆ ಬೇಕಾಗುತ್ತಿದ್ದದ್ದು ಹತ್ತು ದಿನಕ್ಕೆ, ಎರಡು ವಾರಕ್ಕೆ ಹೋದರೆ ಮಜ್ಜೆ ಎದ್ದಿದೆ ಎಂದೇ ಅರ್ಥ. ರೆಟಿಕ್ಯುಲೋಸೈಟ್ ಕೌಂಟ್ ಕೂಡ ಬರೆಸಿಕೊಳ್ಳಿ. ಹೊಸ ಕೆಂಪು ಕಣಗಳು ಹಿಮೋಗ್ಲೋಬಿನ್‌ಗಿಂತ ಮೊದಲು ಅಲ್ಲಿ ಕಾಣುತ್ತವೆ.

ಡಬ್ಲ್ಯುಬಿಸಿಗಿಂತ ಎಎನ್‌ಸಿ ಮುಖ್ಯ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಸಂಖ್ಯೆ. ಒಟ್ಟು ಡಬ್ಲ್ಯುಬಿಸಿಯನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. 1,800ರಲ್ಲಿ 25 ಶೇಕಡಾ ಇದ್ದರೆ 450. 500ಕ್ಕಿಂತ ಕೆಳಗೆ ಸೋಂಕಿನ ಅಪಾಯ ಹೆಚ್ಚು, 200ಕ್ಕಿಂತ ಕೆಳಗೆ ತೀರಾ ಹೆಚ್ಚು. ಒಂದು ಲ್ಯಾಬಿನವರು ಪ್ಲೇಟ್‌ಲೆಟ್ 14 ಎಂದು, ಇನ್ನೊಬ್ಬರು 14,000 ಎಂದು ಬರೆದಿರುತ್ತಾರೆ. ಗಾಬರಿಯಾಗುವ ಮುಂಚೆ ಪಕ್ಕದ ಯೂನಿಟ್ ಓದಿ.

ಗುಣ ಎಂದರೆ ಎಲ್ಲ ಸಂಖ್ಯೆ ನಾರ್ಮಲ್ ಆಗುವುದು ಎಂದು ಬಂಧುಗಳು ತಿಳಿದಿರುತ್ತಾರೆ. ರಕ್ತ ಹಾಕಿಸದೆ ಇರುವಷ್ಟು ಕೌಂಟ್ ಬಂದು ನಿಂತರೂ ಅದು ಔಷಧಿ ಹಿಡಿದದ್ದೇ.

ಮಾತ್ರೆಡಬ್ಬಿ:
ಕೌಂಟ್ ಬಗ್ಗೆ ಮೇಲಿನದೇ ಸರಿ. ಮನೆಯವರ ಕೈಯಲ್ಲಿರುವುದು ಮಾತ್ರೆ, ಅದನ್ನು ಹೇಳುತ್ತೇನೆ.

ಸೈಕ್ಲೋಸ್ಪೋರಿನ್ 12 ಗಂಟೆಗೊಮ್ಮೆ, ದಿನಾ ಅದೇ ಹೊತ್ತಿಗೆ. ಊಟದ ಜೊತೆಯಾದರೆ ದಿನವೂ ಊಟದ ಜೊತೆಯೇ. ಕ್ಯಾಪ್ಸೂಲನ್ನು ಮೊದಲೇ ಬಿಡಿಸಿ ಡಬ್ಬಿಗೆ ತುಂಬಬೇಡಿ, ನುಂಗುವಾಗ ಬಿಡಿಸಿ; ವಾಸನೆ ಬರುವುದು ಸಹಜ, ಕೆಟ್ಟಿದೆ ಎಂದಲ್ಲ. ರಕ್ತದಲ್ಲಿ ಸೈಕ್ಲೋಸ್ಪೋರಿನ್ ಎಷ್ಟಿದೆ ಎಂದು ನೋಡುವ ಲೆವೆಲ್ ಪರೀಕ್ಷೆಯ ದಿನ ಬೆಳಗಿನ ಡೋಸ್ ಜೇಬಿನಲ್ಲಿರಲಿ, ರಕ್ತ ತೆಗೆದ ಮೇಲೆ ಕೊಡಿ. ನುಂಗಿ ಎರಡು ಗಂಟೆಗೆ ರಕ್ತ ಕೊಟ್ಟರೆ ಸಂಖ್ಯೆ ಎಲ್ಲೋ ಹಾರಿ, ವೈದ್ಯರು ಡೋಸ್ ಸುಮ್ಮನೆ ಇಳಿಸಿಬಿಡುತ್ತಾರೆ. ಔಷಧಿ ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ ವೈದ್ಯರಿಗೆ ಹೇಳಿ. ಮರೆತ ಡೋಸಿಗೆ ಬದಲು ಎರಡು ಕೊಡಬೇಡಿ. ಗ್ರೇಪ್‌ಫ್ರೂಟ್, ಚಕ್ಕೋತ ಎರಡೂ ಬೇಡ.

ಕೈ ನಡುಕ, ಒಸಡು ದಪ್ಪವಾಗುವುದು, ಮೈಮೇಲೆ ಕೂದಲು, ಬಿಪಿ ಏರುವುದು ಇದರಿಂದಲೇ. ಮನೆಯಲ್ಲಿ ಬಿಪಿ ಬರೆದಿಡಿ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಿರಬೇಕು. ನೋವಿಗೆ ಐಬುಪ್ರೊಫೆನ್, ಡಿಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬೇಡಿ: ಕಿಡ್ನಿಗೂ ಪೆಟ್ಟು, ಪ್ಲೇಟ್‌ಲೆಟ್ಟಿಗೂ ಪೆಟ್ಟು.

ಎಲ್ಟ್ರೊಂಬೊಪಾಗ್‌ನದು ಬೇರೆ ರಗಳೆ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿ ಸಿರಪ್, ಸತು, ಕಬ್ಬಿಣ ಇವೆಲ್ಲ ಹೊಟ್ಟೆಯಲ್ಲೇ ಅದನ್ನು ಕಟ್ಟಿಹಾಕುತ್ತವೆ. ಇವುಗಳಿಗಿಂತ 2 ಗಂಟೆ ಮುಂಚೆ ಅಥವಾ 4 ಗಂಟೆ ಆದ ಮೇಲೆ ಕೊಡಿ. ರಾತ್ರಿ ಮಲಗುವಾಗ ಕೊಡುವುದಾದರೆ ಸಂಜೆಯ ನಂತರ ಹಾಲಿಲ್ಲ.

ಇನ್ನು, "ರಕ್ತ ಕಡಿಮೆ" ಎಂದು ಯಾರೋ ತಂದುಕೊಡುವ ಕಬ್ಬಿಣದ ಟಾನಿಕ್. ದಯವಿಟ್ಟು ಬೇಡ. ಒಂದು ಯೂನಿಟ್ ರಕ್ತದಲ್ಲೇ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇದೆ, ದೇಹಕ್ಕೆ ಅದನ್ನು ಹೊರಹಾಕುವ ದಾರಿಯಿಲ್ಲ. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 1,000 ದಾಟಿತೇ ಎಂದು ಕೇಳಿಕೊಳ್ಳಿ.

ಕೌಂಟ್ ಏರಿದ ಮೇಲೂ ಸೈಕ್ಲೋಸ್ಪೋರಿನ್ ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಒಂದು ವರ್ಷವಾದರೂ ಪೂರ್ತಿ ಡೋಸ್, ಆಮೇಲೆ 2-3 ತಿಂಗಳಿಗೆ 25 ಮಿಲಿಗ್ರಾಂನಂತೆ ಇಳಿಸುತ್ತಾರೆ. ಬೇಗ ಇಳಿಸಿದರೆ ರೋಗ ಮರುಕಳಿಸುವ ಭಯ.

ರಾತ್ರಿಪಾಳಿ:
ತುರ್ತಿನದು ಚುಟುಕಾಗಿ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನೇರ ಆಸ್ಪತ್ರೆ. ನ್ಯೂಟ್ರೋಫಿಲ್ ಇಲ್ಲದವರಿಗೆ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು. ಮೊದಲು ಪ್ಯಾರಸಿಟಮಾಲ್ ಕೊಟ್ಟು ನೋಡೋಣ ಎನ್ನಬೇಡಿ, ಜ್ವರ ಮರೆಯಾಗುತ್ತದೆ, ಸೋಂಕು ಮರೆಯಾಗುವುದಿಲ್ಲ. ನಡುಗುವ ಚಳಿ ಬಂದರೆ ಥರ್ಮಾಮೀಟರ್ ಏನೇ ತೋರಿಸಲಿ, ಹೊರಡಿ. ಕೊನೆಯ ರಿಪೋರ್ಟ್, ಮಾತ್ರೆ ಪಟ್ಟಿ, ರಕ್ತದ ಗುಂಪು, "ವಿಕಿರಣಗೊಳಿಸಿದ ರಕ್ತವೇ ಬೇಕು" ಎಂದು ವೈದ್ಯರು ಬರೆದಿದ್ದರೆ ಆ ಚೀಟಿ, ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.

14,000 ಪ್ಲೇಟ್‌ಲೆಟ್ಟಿನಲ್ಲಿ ತಲೆಗೆ ಪೆಟ್ಟಾದರೆ, ಎದ್ದು ನಗುತ್ತಿದ್ದರೂ ಸ್ಕ್ಯಾನ್ ಆಗಲೇಬೇಕು. ಹಿರಿಯರು ಬೀಳುವುದು ಹೆಚ್ಚಾಗಿ ರಾತ್ರಿ ಬಚ್ಚಲಿಗೆ ಹೋಗುವಾಗ: ದಾರಿಗೆ ದೀಪ, ಹಿಡಿಕೆ, ಸ್ನಾನಕ್ಕೆ ಸ್ಟೂಲ್. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲಿ. ಸೊಂಟಕ್ಕೆ, ತೋಳಿಗೆ ಸ್ನಾಯುವಿನ ಇಂಜೆಕ್ಷನ್ ಬೇಡ, ಎನಿಮಾ ಬೇಡ. ಮಲಬದ್ಧತೆಯಾದರೆ ತಿಣುಕಲು ಬಿಡದೆ ಮೊದಲೇ ಔಷಧಿ ಕೇಳಿ.

ತೊಡೆಯಲ್ಲಿ ಬಲವಿಲ್ಲ, ಕುರ್ಚಿಯಿಂದ ಏಳಲಾಗುವುದಿಲ್ಲ ಎಂದರೆ ಕಾರಣ ರಕ್ತ ಕಡಿಮೆ ಇರುವುದು ಮಾತ್ರವಲ್ಲ. ಎಟಿಜಿ ಜೊತೆ ಕೊಟ್ಟ ಸ್ಟಿರಾಯ್ಡ್ ತೊಡೆಯ ಸ್ನಾಯುವನ್ನೂ ಸೊರಗಿಸುತ್ತದೆ. ತಲೆಸುತ್ತು, ಎದೆನೋವು ಇಲ್ಲದ ದಿನ, ವೈದ್ಯರು ಒಪ್ಪಿದರೆ, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು ಸಾಕು.

ಕಿರಿಮಗಳು:
ತುಂಬಾ ಉಪಕಾರ. ಬಾಯಲ್ಲಿ ಬಿಳಿ ಪದರ ಬಂದಿದೆ, ಬೇರೆ ಡಾಕ್ಟರು ಶಿಲೀಂಧ್ರದ ಔಷಧಿ ಫ್ಲುಕೊನಜೋಲ್ ಬರೆದಿದ್ದಾರೆ. ಕೊಡಬಹುದಾ?

ಮಾತ್ರೆಡಬ್ಬಿ:
ಶುರು ಮಾಡುವ ಮೊದಲು ರಕ್ತರೋಗ ತಜ್ಞರಿಗೆ ಇವತ್ತೇ ಫೋನ್ ಮಾಡಿ. ಫ್ಲುಕೊನಜೋಲ್ ಸೈಕ್ಲೋಸ್ಪೋರಿನ್ ಲೆವೆಲನ್ನು ಏರಿಸುತ್ತದೆ, ಅದೇ ಸಾಲಿನ ವೊರಿಕೊನಜೋಲ್ ಇನ್ನೂ ಹೆಚ್ಚು. ಆಂಟಿಬಯೋಟಿಕ್ ಆದ ಕ್ಲಾರಿಥ್ರೊಮೈಸಿನ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಕೂಡ ಏರಿಸುತ್ತವೆ. ಅವರು ಕೊಡಿ ಎಂದರೆ ಸೈಕ್ಲೋಸ್ಪೋರಿನ್ ಡೋಸ್ ಇಳಿಸಬೇಕೇ, ಲೆವೆಲ್ ಮತ್ತು ಕ್ರಿಯಾಟಿನಿನ್ ಯಾವತ್ತು ನೋಡಬೇಕು ಎಂದು ಆಗಲೇ ಕೇಳಿ. ಕೋರ್ಸ್ ಮುಗಿದ ಮೇಲೆ ಲೆವೆಲ್ ಇಳಿಯುತ್ತದೆ, ಆಗಲೂ ಒಂದು ಸಲ ನೋಡಿಸಬೇಕು. ಹೆಚ್ಚಿನವರು ಮರೆಯುವುದು ಈ ಎರಡನೆಯದನ್ನೇ. ಪದರ ಬಾಯಲ್ಲಷ್ಟೇ ಇದ್ದರೆ ನಿಸ್ಟಾಟಿನ್ ದ್ರಾವಣ ಸಾಕೇ ಎಂದೂ ವಿಚಾರಿಸಿ, ಅದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಆದರೆ ನುಂಗುವಾಗ ನೋವಿದ್ದರೆ ಅದನ್ನು ಮೊದಲು ಹೇಳಿ. ಸೋಂಕು ಅನ್ನನಾಳಕ್ಕೆ ಇಳಿದಿದ್ದರೆ ದ್ರಾವಣ ಸಾಲದು.